ಹರಿಗೋಲಿಗೆ ಹೊಸ ಅಂಗಿ

ನಮ್ಮ ಕಡೆ ಬಂದು ಹೋದವರನ್ನು "ಏನೇನು ನೋಡಿದ್ರಿ?" ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ಯಾದಗಿರಿಯ ಬೆಟ್ಟದ ಮೇಲಿನ ಕೋಟೆ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಸುರಪುರದ ಅರಮನೆ, ಅಲ್ಲೇ ಗುಡ್ಡದ ಮೇಲಿನ ಟೇಲರ್ ಮಂಜಿಲ್, ಟೈಮ್ ಉಳಿದರೆ ಬೋನಾಳ ಕೆರೆಯ ಹಕ್ಕಿಗಳು. ಅಲ್ಲಿಂದ ಕಾರು ವಾಪಸ್. ಇನ್ನಷ್ಟು ದಕ್ಷಿಣಕ್ಕೆ ಇಳಿದರೆ ಕೃಷ್ಣಾ ಹೊಳೆ ಸಿಗುತ್ತದೆ ಅನ್ನೋದು ಎಷ್ಟೋ ಜನಕ್ಕೆ ನೆನಪಾಗೋದೇ ಇಲ್ಲ. ಹೊಳೆದಂಡೆಯ ಊರುಗಳಲ್ಲಿ ಮನೆ ಮುಂದೆ, ಬೇವಿನ ಮರದ ಕೆಳಗೆ, ದೊಡ್ಡ ಕರೀ ಬುಟ್ಟಿಯೊಂದು ಬೋರಲಾಗಿ ಬಿದ್ದಿರುತ್ತದೆ. ಕೋಳಿ ಮುಚ್ಚುವ ಬುಟ್ಟಿ ಅಂದುಕೊಳ್ಳೋಣ ಅಂದರೆ ಅದರ ಅಡಿಗೆ ಐದಾರು ಮಕ್ಕಳು ಕೂತು ಆಡಬಹುದು, ಅಷ್ಟು ದೊಡ್ಡದು. ಅದೇ ಹರಿಗೋಲು. ಹೋದ ಜುಲೈನಲ್ಲಿ ಅಂಥದೊಂದು ಹರಿಗೋಲಿಗೆ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದನ್ನು ಇಡೀ ದಿನ ಕೂತು ನೋಡಿದೆ. ಅದನ್ನೇ ಹೇಳುತ್ತೇನೆ.

ದಾರಿ ಮೊದಲು ಹೇಳಿಬಿಡುವೆ. ಯಾದಗಿರಿ ಊರು ದಾಟುತ್ತಲೇ ಭೀಮಾ ನದಿಯ ಸೇತುವೆ. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್‌ಗೆ ಶಹಾಪುರ. ಗುಂಡುಕಲ್ಲು ಒಂದರ ಮೇಲೊಂದು ಪೇರಿಸಿದಂಥ ಗುಡ್ಡಗಳು. ರಸ್ತೆಯಿಂದ ನೋಡಿದರೆ ಹಣೆ, ಮೂಗು, ಗಲ್ಲ, ಎದೆ ಎಲ್ಲಾ ಸರಿಯಾಗಿ ಕೂಡಿ ಬುದ್ಧ ಅಂಗಾತ ಮಲಗಿದಂತೆಯೇ ಕಾಣುತ್ತದೆ. ಮುಂದೆ ಸುರಪುರ. 2009ರ ಡಿಸೆಂಬರ್‌ನಲ್ಲಿ ಗುಲಬರ್ಗಾದಿಂದ ಬೇರೆ ಮಾಡಿ ಹೊಸ ಜಿಲ್ಲೆ ಮಾಡಿದಾಗ ಈ ಮೂರೇ ತಾಲೂಕು ಇದ್ದವು. ಈ ದಾರಿಯಲ್ಲಿ ನಾನು ಚಿಕ್ಕಂದಿನಲ್ಲಿ ನೋಡಿದ್ದು ಜೋಳ, ತೊಗರಿ, ಸಜ್ಜೆ. ಈಗ ನಾರಾಯಣಪುರದ ಎಡದಂಡೆ ಕಾಲುವೆ ನೀರು ಹರಿದಲ್ಲೆಲ್ಲ ಭತ್ತದ ಹಸಿರು. ನೀರು ಕಾಲುವೆಯಲ್ಲಿ ಬರುತ್ತದೆ ಅಂದಮೇಲೆ ಹೊಳೆಗೆ ಯಾಕೆ ಹೋಗಬೇಕು ಅನ್ನೋ ಹಾಗಾಗಿದೆ.

ಆದರೆ ಹೊಳೆದಂಡೆಯವರಿಗೆ ಹೊಳೆ ಬಿಟ್ಟರೆ ಗತಿಯಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಸೀಳಿಕೊಂಡು, ಮತ್ತೆ ಕೂಡಿಕೊಂಡು ಹರಿಯುತ್ತಾಳೆ. ಸೀಳಿದಲ್ಲೆಲ್ಲ ನಡುಗಡ್ಡೆಗಳು. ನಮ್ಮ ಮಾತಿನಲ್ಲಿ ಗಡ್ಡಿ. ಕೆಲವು ಗಡ್ಡಿಗಳಲ್ಲಿ ಬರೀ ಹೊಲ, ಕೆಲವಲ್ಲಿ ಊರೇ ಇದೆ. ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿಯ ಹೆಸರು ನೀವು ಕೇಳಿರಬಹುದು. 2013ರ ಜುಲೈ ಕೊನೆಯಲ್ಲಿ ಅಲ್ಲಿಯ ಒಬ್ಬ ತುಂಬು ಗರ್ಭಿಣಿ ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯ ಗಂಡಸರ ಜತೆ ಪೂರ ಬಂದ ಹೊಳೆಯನ್ನು ಈಜಿ ದಂಡೆ ಸೇರಿದಳು, ಹೆರಿಗೆಗೆ ಆಸ್ಪತ್ರೆ ಬೇಕಂತ. ದೇಶದ ಪತ್ರಿಕೆಗಳೆಲ್ಲ ಬರೆದವು. ಓದಿದವರು ಆಕೆಯ ಧೈರ್ಯಕ್ಕೆ ಶಭಾಷ್ ಅಂದರು. ನಮ್ಮ ಅತ್ತಿ ಮಾತ್ರ, "ಧೈರ್ಯ ಅಲ್ಲವ್ವ ಅದು, ಬಾಗಲಾ ಮುಚ್ಚಿತ್ತು, ಅಕಿ ಕಿಡಿಕ್ಯಾಗಿಂದ ಹೊರಗ ಬಂದ್ಲು" ಅಂದಿದ್ದಳು. ಸೇತುವೆ ಇಲ್ಲದ ಗಡ್ಡಿಯವರಿಗೆ ಹರಿಗೋಲೇ ಮನೆಯ ಬಾಗಿಲು.

ಈ ಅತ್ತಿ ನನ್ನ ಸೋದರಮಾವನ ಹೆಂಡತಿ. ಅವರದು ತಿಂಥಣಿ ಕಡೆಯ ಒಂದು ಸಣ್ಣ ಊರು. ತಿಂಥಣಿಯ ಮೌನೇಶ್ವರ ಗುಡಿಗೆ ನಡಕೊಳ್ಳುವ ಮನೆತನ. ಊರ ಮುಂದಿನ ಗಡ್ಡಿಯಲ್ಲಿ ಮಾಮಾನ ಎರಡೂವರೆ ಎಕರೆ ಹೊಲ ಇದೆ. ಅಲ್ಲಿ ಒಂದು ಗುಡಿಸಲು, ಒಂದು ಪಂಪ್‌ಸೆಟ್, ಎರಡು ಎಮ್ಮೆ, ಹದಿನಾಲ್ಕು ಆಡು. ಬೆಳೆ ಕಾಯಲು ಒಂದು ಸಂಸಾರ, ಗಂಡ ಹೆಂಡತಿ ಮತ್ತು ಮೂರು ವರ್ಷದ ಕೂಸು. ಬೇಸಿಗೆಯಲ್ಲಿ ಬಂಡೆ ಮೇಲೆ ಕಾಲಿಟ್ಟು ನಡೆದೇ ಹೋಗಬಹುದು. ಮಳೆಗಾಲಕ್ಕೆ ಹರಿಗೋಲು ಬೇಕು.

ಮಳೆಗಾಲ ಅಂದೆ, ಆದರೆ ಇಲ್ಲಿನ ಪೂರಕ್ಕೂ ಇಲ್ಲಿನ ಮಳೆಗೂ ಸಂಬಂಧ ಕಡಿಮೆ. ಮಹಾರಾಷ್ಟ್ರದ ಘಟ್ಟದಲ್ಲಿ ಹೊಡೆದ ಮಳೆ ಆಲಮಟ್ಟಿಗೆ ಬಂದು, ಅಲ್ಲಿಂದ ಬಸವಸಾಗರಕ್ಕೆ ಬಂದು, ಅದರ ಗೇಟುಗಳಿಂದ ನಮಗೆ ಇಳಿಯುತ್ತದೆ. ಸುರಪುರದಲ್ಲಿ ಧೂಳು ಏಳುತ್ತಿರುವಾಗಲೇ ಹೊಳೆ ಕೆಂಪಗೆ ತುಂಬಿ ಬರುತ್ತದೆ. 2019ರ ಆಗಸ್ಟ್‌ನ ಮಹಾಪೂರ ಮಾಮಾನ ಗಡ್ಡಿಯ ಮಣ್ಣನ್ನೇ ಅರ್ಧ ತೊಳೆದುಕೊಂಡು ಹೋಗಿತ್ತು. ನಾನು ಹೋದ ದಿನವೂ ಆಕಾಶ ಬಿಳುಚಿಕೊಂಡಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಆದರೆ ಹಿಂದಿನ ರಾತ್ರಿ ಊರಲ್ಲಿ ಡಂಗುರ ಸಾರಿದ್ದರು. ಮೇಲಿಂದ ನೀರು ಬಿಡ್ತಾರೆ, ದಂಡೆಯವರು ಹುಷಾರು, ದನಕರು ಹೊಳೆಗೆ ಇಳಿಸಬೇಡಿ ಅಂತ. ಮಾಮಾನ ಹರಿಗೋಲು ಆಗ ಅಂಗಿ ಬಿಚ್ಚಿಕೊಂಡು ಬೇವಿನ ಕೆಳಗೆ ಬಿದ್ದಿತ್ತು. ಹಳೆ ಹೊದಿಕೆ ಬೇಸಿಗೆ ಬಿಸಿಲಿಗೆ ಹಪ್ಪಳದಂತಾಗಿ, ಮಡಿಕೆಗಳಲ್ಲೆಲ್ಲ ಸೀಳಿತ್ತು. ಗಡ್ಡಿಯಲ್ಲಿದ್ದ ಮೂರು ಜೀವ ಮತ್ತು ದನ ಈಚೆ ಬರಬೇಕಾದರೆ ಸಂಜೆಯೊಳಗೆ ಹೊಸದು ಹಾಕಬೇಕು. ಊರಲ್ಲಿ ಇನ್ನೊಂದು ಹರಿಗೋಲು ಇತ್ತು, ಅದು ಇನ್ನೊಂದು ಗಡ್ಡಿಯ ಜನರನ್ನು ತರಲು ಮುಂಜಾನೆಯೇ ಹೋಗಿತ್ತು.

ಅಂಬಿಗರ ಮುತ್ಯಾ ಬೆಳಿಗ್ಗೆ ಏಳಕ್ಕೇ ಬಂದು ಕೂತಿದ್ದ. ಎಪ್ಪತ್ತು ದಾಟಿದ ಮನುಷ್ಯ. ಅಂಬಿಗರ ಚೌಡಯ್ಯನವರ ವಚನ ಬಾಯಿಗೆ ಬಂದಷ್ಟೇ ಸಲೀಸಾಗಿ ಬೈಗುಳವೂ ಬರುತ್ತಿತ್ತು. ಈ ಬುಟ್ಟಿ ಹೆಣೆದವನೂ ಅವನೇ, ಆರು ವರ್ಷದ ಹಿಂದೆ. ಹಳೆ ಹೊದಿಕೆ ಕಿತ್ತಮೇಲೆ ಅವನು ಮಾಡಿದ ಮೊದಲ ಕೆಲಸ, ಬುಟ್ಟಿಯ ಒಂದೊಂದು ಬಿದಿರು ಸೀಳನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ್ದು. ಗಡಿಗೆ ಕೊಳ್ಳುವಾಗ ನಾವು ಕುಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿ ಸೀಳು ಟಣ್ ಅನ್ನುತ್ತದೆ, ಹುಳ ತಿಂದದ್ದು ಪುಸ್ ಅನ್ನುತ್ತದೆ. ಐದು ಸೀಳು ಪುಸ್ ಅಂದವು. ರಾತ್ರಿಯೇ ನೀರಲ್ಲಿ ನೆನೆಹಾಕಿದ್ದ ಹೊಸ ಸೀಳುಗಳನ್ನು, ಹಳೇದು ಹೋದ ದಾರಿಯಲ್ಲೇ, ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ ಕೂರಿಸಿದ. ಎಳೆದು ಕೂರಿಸುವಾಗ ಬುಟ್ಟಿ ಪೂರ್ತಿ ಕಿರ್ ಅಂತ ನರಳಿ ಸುಮ್ಮನಾಗುತ್ತಿತ್ತು. ಬುಟ್ಟಿಯ ಬಾಯಿ ಎಂಟು ಅಡಿ ಅಗಲ, ಆಳ ಎರಡಡಿ. ಒಂದು ಮೊಳೆಯಿಲ್ಲ, ಒಂದು ತಂತಿಯಿಲ್ಲ.

ಇಂಥ ಬುಟ್ಟಿಯನ್ನು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರ ಹೊತ್ತಿಗೇ ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗದೆ ಸದಾ ಗರಗರ ತಿರುಗುತ್ತಿರುತ್ತದೆ ಅಂತ. ಐನೂರು ವರ್ಷದಲ್ಲಿ ಬದಲಾದದ್ದು ಅದರ ಚರ್ಮ ಒಂದೇ. ಅದೂ ನಮ್ಮಲ್ಲಿ ಮಾತ್ರ ಅಲ್ಲ. ಗ್ರೀಕರ ಹೆರೊಡೋಟಸ್ ಬಾಬಿಲೋನಿನ ದುಂಡು ದೋಣಿಗಳ ಕಥೆ ಹೇಳುತ್ತಾನೆ. ಹೊಳೆ ಇಳಿದು ಊರು ಮುಟ್ಟಿದ ಮೇಲೆ ಸಾಮಾನಿನ ಜತೆ ದೋಣಿಯ ಕಟ್ಟಿಗೆಯನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ವಾಪಸ್ ನಡೆಯುತ್ತಿದ್ದರಂತೆ. ಅವರಿಗೆ ಬೆಲೆ ಇದ್ದದ್ದು ಚರ್ಮಕ್ಕೆ. ನಮ್ಮಲ್ಲಿ ಈಗ ತಿರುವುಮುರುವು, ಹೊದಿಕೆ ಅಗ್ಗ, ಬುಟ್ಟಿ ದುಬಾರಿ. ವಿಯೆಟ್ನಾಮಿನ ಮೀನುಗಾರರು ಬಿದಿರು ಬುಟ್ಟಿಗೆ ಸೆಗಣಿ ಮತ್ತು ಮರದ ಅಂಟು ಬಳಿದು ಸಮುದ್ರಕ್ಕೇ ಇಳಿಯುತ್ತಾರೆ ಅಂತ ಓದಿ ನನಗೆ ಖುಷಿಯಾಗಿತ್ತು. ನಮ್ಮ ಅವ್ವ ಹೊಸ ಮರ ಬುಟ್ಟಿಗೆ ಮೆಂತ್ಯ ಅರೆದು, ನೆನೆಸಿದ ಕಾಗದ ಕಲಸಿ ಬಳಿಯುತ್ತಿದ್ದಳಲ್ಲ, ಅದೇ ಬುದ್ಧಿ. ಹೆಣಿಗೆ ಭಾರ ಹೊರಲಿ, ಬಳಿದದ್ದು ತೂತು ಮುಚ್ಚಲಿ.

ಚರ್ಮದ ಕಾಲವನ್ನು ಮುತ್ಯಾ ಕಂಡಿದ್ದಾನೆ. "ಚಲೋ ಇತ್ತೇನು ಮುತ್ಯಾ?" ಅಂದೆ. ಹಳೆಯದೆಲ್ಲ ಚಲೋ ಅನ್ನುತ್ತಾನೆ ಅಂತ ಕಾಯುತ್ತಿದ್ದರೆ, "ಥೂ, ಏನು ಚಲೋನವ್ವ! ನಾಯಿ ಕಾಯೋದೇ ಒಂದು ಕೆಲಸ ಆಗಿತ್ತು. ಹಸೀ ಇದ್ರ ಕೊಳಿತಿತ್ತು, ಒಣಗಿದ್ರ ಸೀಳತಿತ್ತು. ದಾಟಿದ ಮ್ಯಾಲ ಪ್ರತಿ ಸಲ ದಂಡಿಗೆ ತಂದು ಬೋರಲ ಹಾಕಿ ಎಣ್ಣಿ ಹಚ್ಚಬೇಕು. ಪ್ಲಾಸ್ಟಿಕ್ ಬಂದದ್ದಕ್ಕ ನಾವು ಉಳದೀವಿ" ಅಂದ. ಚರ್ಮ ಹೋಗಿ ಗೋಣಿಚೀಲ ಮತ್ತು ಡಾಂಬರು ಬಂತು, ಗೋಣಿ ಹೋಗಿ ಗೊಬ್ಬರದ ಚೀಲ ಬಂತು. ಈಗ ತಾಡಪತ್ರಿ, ಫ್ಲೆಕ್ಸು, ಸಿಕ್ಕದ್ದೆಲ್ಲ.

ಈ ಸಲದ ಹೊದಿಕೆ ಯಾವುದು ಅನ್ನುವಲ್ಲಿಗೆ ಮುತ್ಯಾಗೂ ಮಾಮಾನ ಮಗನಿಗೂ ಜಟಾಪಟಿ ಶುರುವಾಯಿತು. ಹುಡುಗ ಐಟಿಐ ಓದಿದವನು. ಕೃಷಿಹೊಂಡಕ್ಕೆ ಹಾಸಿ ಮಿಕ್ಕಿದ್ದ ದಪ್ಪ ಕರೀ ಪ್ಲಾಸ್ಟಿಕ್ ಹಾಳೆ ತಂದಿದ್ದ. ಐನೂರು ಮೈಕ್ರಾನಿನದು, ಕೈಯಿಂದ ಹರಿಯಲು ಆಗದು, ಒಂದು ಹನಿ ನೀರು ಬಿಡದು. "ಇದೊಂದ ಸಾಕು ಅಕ್ಕಾ, ಚೀಲಾ ಡಾಂಬರಾ ಏನೂ ಬ್ಯಾಡ" ಅಂತ ನನ್ನನ್ನು ತನ್ನ ಪಕ್ಷಕ್ಕೆ ಎಳೆಯಲು ನೋಡಿದ. ಮುತ್ಯಾ ಹಾಳೆ ಮುಟ್ಟಿ ನೋಡಿ, "ಇದಕ್ಕ ಡಾಂಬರ ಅಂಟೂದಿಲ್ಲ. ಬಂಡಿಗೆ ಒಂದು ಸಲ ತಾಗಿದ್ರ ಜಾರಿ ಸರೀತದ, ಸರದ್ರ ನಿರಿಗಿ ಬಿಚ್ಚತದ, ಬಿಚ್ಚಿದ್ರ ಶಿವಾಯನಮಃ" ಅಂದ.

ಇಬ್ಬರ ಮಾತಲ್ಲೂ ನಿಜ ಇತ್ತು. ಆ ನುಣುಪು ಪ್ಲಾಸ್ಟಿಕ್‌ಗೆ ಏನೂ ಅಂಟುವುದಿಲ್ಲ. ಅಂಟು ತುಂಬಿ ಮಾರುವ ಬಾಟಲಿಯೂ ಅದೇ ಜಾತಿಯ ಪ್ಲಾಸ್ಟಿಕ್ಕೇ, ಒಳಗಿನ ಅಂಟು ಅದಕ್ಕೆ ಅಂಟದಿರುವುದು ಅದಕ್ಕೇ. ಗೊಬ್ಬರದ ಚೀಲ ನೇಯ್ದದ್ದು. ಎಳೆಗಳ ಸಂದಿಯಲ್ಲಿ ಡಾಂಬರು ಇಳಿದು ಹಿಡಿದುಕೊಳ್ಳುತ್ತದೆ. ಆದರೆ ಬರೀ ಚೀಲ ಮತ್ತು ಡಾಂಬರು ಅಂದರೆ ವರ್ಷ ತುಂಬುವುದರಲ್ಲಿ ಡಾಂಬರು ಬಿರಿದು ನೀರು ಜಿನುಗಲು ಶುರು. ಅತ್ತಿ ರೊಟ್ಟಿ ಬಡಿಯುತ್ತ ಒಳಗಿಂದಲೇ ಪಂಚಾಯ್ತಿ ಮುಗಿಸಿದಳು. "ಕೌದಿ ಹೊಲದಂಗ ಮಾಡ್ರಿ. ಒಳಗೊಂದು ಚೀಲ, ಹೊರಗೊಂದು ಚೀಲ, ನಡುವ ಅವನ ಹಾಳಿ ಹಾಕ್ರಿ." ಹಾಗೇ ಆಯಿತು. ಒಳಗಿನ ಚೀಲ ಬಿದಿರಿನ ಚೂಪಿನಿಂದ ಹಾಳೆಯನ್ನು ಕಾಯಬೇಕು, ನಡುವಿನ ಹಾಳೆ ನೀರು ತಡೆಯಬೇಕು, ಹೊರಗಿನ ಡಾಂಬರು ಚೀಲ ಬಂಡೆಯ ಏಟು ತಿನ್ನಬೇಕು.

ಅಳತೆಗೆ ಟೇಪು ಹಿಡಿಯಲಿಲ್ಲ. ಬೋರಲು ಬಿದ್ದ ಬುಟ್ಟಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹಗ್ಗ ಹಾಯಿಸಿ, ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಗಂಟು ಹಾಕಿದ. ಹುಡುಗ ಆಮೇಲೆ ಟೇಪು ತಂದು ನೋಡಿದರೆ ಹನ್ನೆರಡಡಿಗೆ ಎರಡು ಬೆರಳು ಕಡಿಮೆ. ಹೊಲಿಗೆ ಬಿಚ್ಚಿ ಹರವಿದ ಒಂದು ಗೊಬ್ಬರದ ಚೀಲ ಸುಮಾರು ಮೂರಡಿ ನಾಲ್ಕಡಿ ಆಗುತ್ತದೆ. ಒಂದು ಪದರಕ್ಕೆ ಹನ್ನೆರಡು ಚೀಲ, ಎರಡು ಪದರಕ್ಕೆ ಇಪ್ಪತ್ನಾಲ್ಕು. ಅತ್ತಿ, ಓಣಿಯ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು ದಬ್ಬಣ ಹಿಡಿದು ಕೂತೆವು. ಅಂಚು ಎರಡು ಸಲ ಮಡಚಿ ಸುತಳಿ ದಾರದಿಂದ ಹೊಲಿಗೆ. ಹೊತ್ತೇರುವುದರಲ್ಲಿ ಬೆರಳ ತುದಿ ಕೆಂಪಾಗಿತ್ತು. ಎರಡು ಚೀಲ ಕಡಿಮೆ ಬಿದ್ದಾಗ ಹುಡುಗ ಎಲ್ಲಿಂದಲೋ ಒಂದು ಫ್ಲೆಕ್ಸ್ ತಂದ, ಯಾರದೋ ಹುಟ್ಟುಹಬ್ಬದ್ದು. ನಗುಮುಖ ಒಳಗಡೆ ಬರುವ ಹಾಗೆ ಹೊಲಿದೆವು. ಹರಿಗೋಲಲ್ಲಿ ಕೂತವರಿಗೆ ಬಿದಿರಿನ ಸಂದಿಯಿಂದ ಅವರ ಮೀಸೆ ಕಾಣುತ್ತದೆ.

ಹೊಂಡದ ಹಾಳೆಯಲ್ಲಿ ಒಂದು ಕಡೆ ಕಳೆಗುದ್ದಲಿ ತಾಗಿ ಮೂರು ಬೆರಳು ಸೀಳಿತ್ತು. ಅದಕ್ಕೆ ಹುಡುಗ ಇಸ್ತ್ರಿಪೆಟ್ಟಿಗೆ ತಂದ. ಅದೇ ಹಾಳೆಯ ತುಂಡನ್ನು ಸೀಳಿನ ಮೇಲಿಟ್ಟು, ಹಳೆ ಪತ್ರಿಕೆ ಹಾಕಿ, ಬಿಸಿ ಪೆಟ್ಟಿಗೆಯಿಂದ ಒತ್ತಿ ಹಿಡಿದ. ಎರಡೂ ಕರಗಿ ಒಂದಾದವು. ಪತ್ರಿಕೆಯ ಚೂರೂ ಅಲ್ಲೇ ಕೂತುಬಿಟ್ಟಿತು. ಮುತ್ಯಾ ಉಗುರಿನಿಂದ ಕಿತ್ತು ನೋಡಿದ, ಬರಲಿಲ್ಲ. "ಹ್ಞೂಂ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಬಹುಮಾನ.

ದುಂಡು ಬುಟ್ಟಿಗೆ ಚಪ್ಪಟೆ ಬಟ್ಟೆ ತೊಡಿಸಿದರೆ ಅಂಚಿನಲ್ಲಿ ಬಟ್ಟೆ ಹೆಚ್ಚಾಗುತ್ತದೆ. ಕತ್ತರಿಸಿದರೆ ಅಲ್ಲೇ ನೀರು. ಅದಕ್ಕೆ ನಿರಿಗೆ ಹಿಡಿಯಬೇಕು. ಇದು ನನಗೆ ಗೊತ್ತಿರುವ ವಿದ್ಯೆ ಅಂತ ಕೈ ಹಾಕಿದೆ. ಎಲ್ಲಾ ನಿರಿಗೆಯೂ ಒಂದೇ ಕಡೆ ಮಡಚಬೇಕು, ಒಂದು ಆ ಕಡೆ ಒಂದು ಈ ಕಡೆ ಆದರೆ ಬಂಡೆಗೆ ಸಿಕ್ಕಿ ಬಿಚ್ಚಿಕೊಳ್ಳುತ್ತದೆ ಅಂತ ಮುತ್ಯಾ ಮೊದಲೇ ತಾಕೀತು ಮಾಡಿದ. ಮೂರು ಪದರವನ್ನೂ ಬಾಯಿಯ ಅಂಚಿಗೆ ಎಳೆದು, ಒಳಕ್ಕೆ ಮಡಚಿ, ನೈಲಾನ್ ಹಗ್ಗದಿಂದ ಬಿದಿರಿಗೆ ಬಿಗಿದರು. ಬೋರಲು ಹಾಕಿ ಬಡಿದರೆ ಹಲಗೆಯ ಸದ್ದು ಬಂತು.

ಆಮೇಲೆ ಡಾಂಬರು. ಇದೇ ನಿಜವಾದ ಪರೀಕ್ಷೆ. ರಸ್ತೆಯವರ ಹಾಗೆ ಕುದಿ ಕುದಿ ಸುರಿದರೆ ಚೀಲವೇ ಸುಟ್ಟು ಮುದುಡುತ್ತದೆ. ಚೀಲದ ಪ್ಲಾಸ್ಟಿಕ್ ಕರಗುವುದು 160 ಡಿಗ್ರಿಯ ಆಸುಪಾಸು, ನಡುವಿನ ಹಾಳೆಯದು 130ರ ಆಸುಪಾಸು. ರಸ್ತೆ ಡಾಂಬರು 150 ದಾಟಿಯೇ ಇರುತ್ತದೆ. ತೀರಾ ಆರಿದರೆ ಡಾಂಬರು ಎಳೆಗಳ ಸಂದಿಗೆ ಇಳಿಯದೆ ಮೇಲೆಯೇ ಮುದ್ದೆಯಾಗುತ್ತದೆ. ಮುತ್ಯಾನ ಹತ್ತಿರ ಇದ್ದ ಮಾಪಕ ಒಂದು ಬೇವಿನ ಕಡ್ಡಿ, ಒಂದು ಚೀಲದ ಚೂರು. ಕಡ್ಡಿ ಅದ್ದಿ ಚೂರಿನ ಮೇಲೆ ಹನಿ ಬಿಡುತ್ತಿದ್ದ. ಮೊದಲ ಹನಿಗೆ ಚೂರು ಸುಟ್ಟ ಚರ್ಮದಂತೆ ಮುದುಡಿತು. ಒಲೆಯಿಂದ ತಗಡಿನ ಡಬ್ಬಿ ಇಳಿಸಿ ಬೀಡಿ ಹಚ್ಚಿದ. ಹುಡುಗ ಹೊಳೆಯ ಕಡೆ ನೋಡುತ್ತ, "ಮುತ್ಯಾ, ಹೊತ್ತಾತು" ಅಂದ. ಮುತ್ಯಾ ಬೀಡಿ ಮುಗಿಯುವವರೆಗೂ ಮಾತಾಡಲಿಲ್ಲ. ಇನ್ನೊಂದು ಹನಿ ಬಿಟ್ಟ. ಚೂರು ಸುಮ್ಮನಿತ್ತು, ಹನಿ ನಿಧಾನ ಹರಡಿ ಎಳೆಗೆ ಇಳಿಯಿತು. "ಹಚ್ರಿ ಇನ್ನ" ಅಂದ. ಕೋಲಿಗೆ ಚಿಂದಿ ಸುತ್ತಿ ಮೂವರು ಕೂಡಿ ಬಳಿದರು, ನಿರಿಗೆಗಳ ಸಂದಿಯಲ್ಲಿ ಎರಡೆರಡು ಸಲ. ಮೇಲೆ ಸಣ್ಣ ಮರಳು ಉದುರಿಸಿದರು, ಬಿಸಿಲಿಗೆ ಡಾಂಬರು ಕೈಗೆ ಅಂಟದಿರಲಿ ಅಂತ.

ಅದು ಆರುವವರೆಗೆ ಊಟ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಡಾಂಬರಿನ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪಿನಲ್ಲಿ ತೊಳೆದು, ಆದರೂ ರೊಟ್ಟಿಗೆ ಅದರದೇ ವಾಸನೆ. ಫೈಬರ್ ಹರಿಗೋಲು ಬಂದಿವೆಯಲ್ಲ, ಅದೇ ತಗೊಂಡರೆ ಈ ಉಸಾಬರಿ ಇಲ್ಲ ಅಂತ ಹುಡುಗ ಅಂದ. ಮಾಮಾ ದುಡ್ಡಿನ ಲೆಕ್ಕ ಹೇಳಿದ. ಮುತ್ಯಾ ಬೇರೆ ಮಾತು ತೆಗೆದ. "ಹಾಳಿ ಅಂಗಡ್ಯಾಗ ಸಿಗತದ, ಚೀಲ ಹೊಲದಾಗ ಸಿಗತದ. ಬುಟ್ಟಿ ಹೆಣಿಯಾಂವ ಈ ದಂಡಿಗೆ ನಾ ಒಬ್ಬನೇ ಉಳದೀನಿ. ನಿನಗ ಎಷ್ಟ್ ಸಲ ಹೇಳೀನಿ, ಒಂದ್ ವಾರ ಕುಂದ್ರು ಬಾ ಅಂತ?" ಹುಡುಗ ತಲೆ ತಗ್ಗಿಸಿ ರೊಟ್ಟಿ ಮುರಿದ. ಅವನಿಗೆ ಆಗಸ್ಟ್‌ನಲ್ಲಿ ಪುಣೆಗೆ ಹೋಗುವುದಿತ್ತು. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮುತ್ಯಾಗೂ.

ನಾಲ್ಕು ಗಂಟೆ ಸುಮಾರಿಗೆ ಹರಿಗೋಲನ್ನು ತಲೆ ಮೇಲೆ ಹೊತ್ತು ಇಳಿಸಿದರು. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲು ಪೂರ್ತಿ ಕಾಣುತ್ತಿತ್ತು, ಈಗ ಅದರ ನೆತ್ತಿ ಮಾತ್ರ ಕಾಣುತ್ತಿತ್ತು. ನೀರಿನ ಬಣ್ಣವೂ ತಿರುಗಿತ್ತು. ಅತ್ತಿ ಅರಿಶಿಣ ಕುಂಕುಮ ಹಚ್ಚಿ ಕಾಯಿ ಒಡೆದಳು, ಗಂಗವ್ವಗೆ ಕೈ ಮುಗಿದಳು. ಮುತ್ಯಾ ಮೊದಲು ಒಬ್ಬನೇ ಹತ್ತಿ, ದಂಡೆಯ ಪಕ್ಕದಲ್ಲೇ ಎರಡು ಸುತ್ತು ತಿರುಗಿಸಿ, ಅಡಿಗೆ ಕೈಯಿಟ್ಟು ನೋಡಿದ. ಎಲ್ಲರೂ ಅವನ ಅಂಗೈಯನ್ನೇ ನೋಡುತ್ತಿದ್ದೆವು. ಒಣಗಿತ್ತು. ಮಾಮಾ ಮತ್ತು ಹುಡುಗ ಹತ್ತಿದರು, ಗಾಳಿ ತುಂಬಿದ ಎರಡು ಟ್ಯೂಬು ಒಳಗೆ ಹಾಕಿಕೊಂಡರು. ಹುಟ್ಟು ಹಾಕುವವನು ಮುತ್ಯಾನೇ. ಹೊಳೆಯ ಓಟಕ್ಕೆ ನೇರ ಎದುರು ಹೋಗದೆ, ದಂಡೆಗುಂಟ ಮೇಲಕ್ಕೆ ಬಹಳ ದೂರ ಎಳೆದುಕೊಂಡು ಹೋಗಿ, ಅಲ್ಲಿಂದ ಬಿಟ್ಟ. ಹರಿಗೋಲು ತಿರುಗುತ್ತ ತಿರುಗುತ್ತ ಓರೆಯಾಗಿ ಜಾರಿ ಗಡ್ಡಿಯ ಬುಡಕ್ಕೇ ಹೋಗಿ ನಿಂತಿತು.

ಮೊದಲ ಸುತ್ತಿಗೆ ತಾಯಿ, ಕೂಸು, ಆರು ಆಡು ಬಂದವು. ಕೂಸಿಗೆ ಹರಿಗೋಲು ತಿರುಗಿದ್ದೇ ಆಟ. ಇಳಿದಮೇಲೂ ನಿಂತಲ್ಲೇ ಗರಗರ ತಿರುಗುತ್ತಿತ್ತು. ಎರಡನೇ ಸುತ್ತಿಗೆ ಉಳಿದ ಆಡು ಮತ್ತು ಪಂಪ್‌ಸೆಟ್. ಅದನ್ನು ಅಡಿಗೆ ತಾಗದಂತೆ ಮೇವಿನ ಕಟ್ಟಿನ ಮೇಲೆ ಕೂರಿಸಿದ್ದರು. ಮೂರನೇ ಸುತ್ತಿಗೆ ಹೊತ್ತು ಮುಳುಗಿತ್ತು. ಆಳುಮಗ ಹರಿಗೋಲಲ್ಲಿ ಕೂತು ಎರಡೂ ಎಮ್ಮೆಗಳ ಹಗ್ಗ ಹಿಡಿದಿದ್ದ. ಅವು ಮೂಗು ಮಾತ್ರ ಮೇಲಿಟ್ಟುಕೊಂಡು ಹಿಂದೆ ಈಜುತ್ತ ಬಂದವು.

ದಂಡೆಗೆ ಬಂದು ನೋಡಿದರೆ ಹರಿಗೋಲಿನ ಅಡಿಗೆ ಒಂದು ಬೊಗಸೆ ನೀರಿತ್ತು. ಹುಡುಗ ಗಾಬರಿಯಾಗಿ ಟಾರ್ಚ್ ಬಿಟ್ಟ. ಮುತ್ಯಾ ಬೆರಳು ಅದ್ದಿ ಮೂಸಿ ನೋಡಿದ. "ಹೊಳಿ ನೀರಲ್ಲ ತಮ್ಮಾ, ಆಡು ಮಾಡ್ಯಾವ" ಅಂದ. ಎಲ್ಲರೂ ನಕ್ಕರು. ಮಾಮಾ ಬುಟ್ಟಿಯನ್ನು ಬೇವಿನ ಕೆಳಗೆ ಒಯ್ದು ಬೋರಲು ಹಾಕಿದ. ಮರುದಿನ ಮುಂಜಾನೆ ನಾನು ಸುರಪುರದ ಬಸ್ಸಿಗೆ ಹೊರಡುವಾಗ ಒಗೆಯುವ ಕಲ್ಲು ಕಾಣಿಸುತ್ತಿರಲಿಲ್ಲ. ಗಡ್ಡಿಯ ಗುಡಿಸಲಿನ ಮಾಡು ಮಾತ್ರ ನೀರಿನ ಮೇಲಿತ್ತು. ಬೇವಿನ ಕೆಳಗೆ ಮುತ್ಯಾ ಬಿದಿರು ಸೀಳುತ್ತಿದ್ದ, ಪಕ್ಕದಲ್ಲಿ ಹುಡುಗ ಕುಕ್ಕರಗಾಲಲ್ಲಿ ಕೂತು ಸೀಳಿನ ಇನ್ನೊಂದು ತುದಿ ಹಿಡಿದಿದ್ದ.